ಎಳೆ ಹರಿದಲ್ಲಿ ನಿಂತ ನಿಷಾದ

ಪ್ರೇಮಾಬಾಯಿಯವರಿಗೆ ಸಿಟ್ಟು ಬಂದರೆ ತಂಬೂರಿ ಹೊರಗೆ ಬರುತ್ತದೆ. ಬೇರೆ ಮನೆಗಳಲ್ಲಿ ಪಾತ್ರೆಗಳು ಸದ್ದು ಮಾಡುತ್ತವೆ, ಬಾಗಿಲುಗಳು ಬಡಿದುಕೊಳ್ಳುತ್ತವೆ. ಬಾಗಲಕೋಟೆ ನವನಗರದ ಈ ಮನೆಯಲ್ಲಿ ಮಾತ್ರ ಮೂಲೆಯ ತಂಬೂರಿ ಗವಸಣಿಗೆ ಕಳಚಿಕೊಂಡು ನಡುಮನೆಗೆ ಬರುತ್ತದೆ, ಗಂಟೆಗಟ್ಟಲೆ ಶ್ರುತಿಯಾಗುತ್ತದೆ. ಗಂಡ ಶಿರೀಷ ಬ್ಯಾಂಕಿನಿಂದ ನಿವೃತ್ತರಾದ ಸಾಧು ಮನುಷ್ಯ. ಗವಸಣಿಗೆಯ ಗುಂಡಿ ಬಿಚ್ಚುವ ಸದ್ದು ಕೇಳಿದರೆ ಸಾಕು, ಚಪ್ಪಲಿ ಮೆಟ್ಟಿಕೊಂಡು ವಾಕಿಂಗಿಗೆ ಹೊರಟುಬಿಡುತ್ತಾರೆ. ಮದುವೆಯಾದ ಹೊಸದರಲ್ಲಿ ಒಮ್ಮೆ "ಇನ್ನೂ ಶ್ರುತಿ ಆಗಲಿಲ್ಲೇನು?" ಎಂದು ಕೇಳಿ ಅನುಭವಿಸಿದ್ದಾರೆ.

ಹೋದ ಚಳಿಗಾಲದ ಒಂದು ಮಧ್ಯಾಹ್ನ ತಂಬೂರಿ ಹೊರಬಂದದ್ದಕ್ಕೆ ಕಾರಣ ಅಮಿತಾ. ಪರಕಾರ ತೊಟ್ಟು ಬರುತ್ತಿದ್ದ ಕಾಲದಿಂದ ಪ್ರೇಮಾಬಾಯಿಯವರ ಹತ್ತಿರ ಹಾಡು ಕಲಿತ ಹುಡುಗಿ. ಈಗ ಅವಳಿಗೆ ಮೊದಲ ದೊಡ್ಡ ಕೆಲಸ ಸಿಕ್ಕಿತ್ತು. ಇಳಕಲ್ ಸೀರೆಯ ಬಗ್ಗೆ ಒಂದು ಸಾಕ್ಷ್ಯಚಿತ್ರ ತಯಾರಾಗುತ್ತಿತ್ತು, ಅದಕ್ಕೆ ಸಂಗೀತ ಅವಳದು. ಆ ಸಂತೋಷವನ್ನು ಗುರುಗಳ ಮುಂದೆ ಸುರಿಯಬೇಕೆಂದು ಓಡಿ ಬಂದಿದ್ದಳು. ಪೇಢೆಯ ಡಬ್ಬಿಯನ್ನು ಕೈಗಿಟ್ಟು, ಕಾಲು ಮುಟ್ಟಿ ನಮಸ್ಕಾರ ಮಾಡಿ, ಕೂಡುವುದಕ್ಕೂ ಪುರಸೊತ್ತಿಲ್ಲದೆ ಫೋನು ತೆಗೆದಳು.

"ಬಾಯಾರ, ಇಳಕಲ್ಲಿನಾಗ ಎಂಥಾ ಜನಪದ ಹಾಡು ಸಿಕ್ಕೇತಿ ಗೊತ್ತೇನ್ರಿ! ನೇಯೂ ಹೆಣ್ಣಮಕ್ಕಳು ಹಾಡ್ತಾರ. ಅಜ್ಜಿ ಮುತ್ತಜ್ಜಿ ಕಾಲದ್ದಂತ. ಕೇಳ್ರಿ."

ಫೋನಿನಿಂದ ಮೊದಲು ಮಗ್ಗದ ಸದ್ದು ಬಂತು. ಆಮೇಲೆ ನಾಲ್ಕೈದು ಹೆಂಗಸರ ದನಿ.

ಕೆಂಪ ಸೆರಗಿಗೆ ಕೊಂಡಿ ಕೂಡಿಸ ತಂಗಿ
ಲಾಳಿಗಿ ದಾರಿ ಬಿಡ
ಹರದೀತ ಎಳಿ, ಹರದರ ಏನಾತ
ಗಂಟ ಬೀಳೂತನಕ ತಡಿ...

ಆ 'ತಡಿ' ಎಂಬಲ್ಲಿ ಹಾಡು ನಿಂತಿತು. ಮಗ್ಗವೂ ನಿಂತಿತು. ದನಿ ಮಾತ್ರ ಒಂದೇ ಸ್ವರದ ಮೇಲೆ ತೂಗಿಕೊಂಡಿತ್ತು. ಷಡ್ಜದ ಹೊಸ್ತಿಲಲ್ಲಿ ನಿಂತ ಶುದ್ಧ ನಿಷಾದ ಅದು, ಒಂದು ಹೆಜ್ಜೆ ಒಳಗಿಟ್ಟರೆ ಮನೆ. ಆದರೆ ಒಳಗೆ ಹೋಗದೆ ಕಾಯುತ್ತಿತ್ತು. ಆಮೇಲೆ ಮಗ್ಗ ಮತ್ತೆ ಲಟಕ್ ಎಂದಾಗ "ನನ ತಂಗಿ" ಎಂದು ಎಲ್ಲರೂ ಒಟ್ಟಿಗೆ ಷಡ್ಜಕ್ಕೆ ಹೋಗಿ ಸೇರಿದರು.

ಪ್ರೇಮಾಬಾಯಿಯವರ ಕೈಯಲ್ಲಿದ್ದ ಪೇಢೆ ಕೈಯಲ್ಲೇ ಉಳಿಯಿತು.

ಅಮಿತಾ ಅದನ್ನು ಗಮನಿಸಲಿಲ್ಲ. "ಖರೆ ಸಾರಂಗ ರಾಗ ಅದ ನೋಡ್ರಿ ಇದು! ಹಳ್ಳಿ ಹೆಣ್ಣಮಕ್ಕಳಿಗೆ ಹೆಂಗ ಬಂತೋ. ಆದ್ರ ಒಂದ ಕಡೆ ತಾಳ ತಪ್ಪತದ. ಆ ನಿಲ್ಲೂದು ಅದಲ್ರಿ, ಅಲ್ಲಿ. ಅದನ್ನ ಕತ್ತರಿಸಿ ನಾ ಸರಿ ಮಾಡೇನಿ. ನಾಡದು ಅವರಿಂದ ಹಂಗ ಹಾಡಿಸಿ ರೆಕಾರ್ಡ್ ಮಾಡಕೊಂಡ ಬಂದ್ರ ಮುಗೀತು. ಟೈಟಲ್‌ನಾಗ 'ಸಾಂಪ್ರದಾಯಿಕ' ಅಂತ ಹಾಕ್ತಾರ."

"ಸರಿ ಮಾಡೀಯಾ," ಎಂದರು ಪ್ರೇಮಾಬಾಯಿ. ಮೆಲ್ಲಗೇ ಅಂದರು. ಅಷ್ಟು ಹೇಳಿ ಎದ್ದುಹೋಗಿ ತಂಬೂರಿಯ ಗವಸಣಿಗೆ ಬಿಚ್ಚಿದರು. ಒಳಗೆ ಪೇಪರ್ ಓದುತ್ತಿದ್ದ ಶಿರೀಷ ಚಪ್ಪಲಿ ಹುಡುಕತೊಡಗಿದರು.

ಆ ಹಾಡು ಪ್ರೇಮಾಬಾಯಿಯವರದು. ಮುತ್ತಜ್ಜಿಯದೂ ಅಲ್ಲ, ಯಾರದೂ ಅಲ್ಲ. ಇಪ್ಪತ್ತಾರರ ವಯಸ್ಸಿನಲ್ಲಿ ಇದೇ ಗಂಟಲಿನಿಂದ ಹೊರಟದ್ದು. ಆದರೆ ಹಾಗೆಂದು ಹೇಳಿದರೆ ನಂಬಲು ಅವರ ಹೆಸರಿದ್ದ ಒಂದು ಚೂರು ಪುರಾವೆಯೂ ಇರಲಿಲ್ಲ, ಅದು ಹಾಗಿರಲು ಕಾರಣ ಅವರ ತಂದೆ.

ತಂದೆ ಎಂದರೆ ಬಾದಾಮಿಯ ಪಂಢರೀನಾಥರು. ಈ ಹೆಸರು ಹೇಳಿದರೆ ನಮ್ಮ ಕಡೆಯ ಹಳೆಯ ಸಂಗೀತದ ಮಂದಿ ಕುಳಿತಲ್ಲೇ ಸ್ವಲ್ಪ ನೆಟ್ಟಗಾಗುತ್ತಾರೆ. ವೇದ ಕಲಿತ ಮನೆತನ, ಆದರೆ ಅವರ ಪಾಲಿಗೆ ವೇದವೆಲ್ಲ ಹಾಡೇ. ಅವರು ಹಾಡಲು ಕುಳಿತರೆ ಬಾದಾಮಿಯ ಮಂಗಗಳೂ ಮಾಳಿಗೆಯ ಮೇಲೆ ಸದ್ದು ಮಾಡುತ್ತಿರಲಿಲ್ಲ ಎಂದು ಶಿಷ್ಯರು ಹೇಳಿಕೊಂಡು ತಿರುಗುತ್ತಿದ್ದರು. ಅದು ಸುಳ್ಳು, ಬಾದಾಮಿಯ ಮಂಗಗಳು ಯಾರ ಮಾತನ್ನೂ ಕೇಳುವುದಿಲ್ಲ. ಆದರೆ ಮನುಷ್ಯರು ಸುಮ್ಮನಾಗುತ್ತಿದ್ದದ್ದು ನಿಜ. ನಡುವೆ ಯಾರಾದರೂ ಪಿಸುಗುಟ್ಟಿದರೆ ಪಂಢರೀನಾಥರು ಹಾಡು ನಿಲ್ಲಿಸಿ, "ಮೊದಲ ನಿಮ್ಮದು ಮುಗೀಲಿ," ಎಂದು ಕಾಯುತ್ತಿದ್ದರು. ಆ ಕಾಯುವುದು ಹೇಗಿತ್ತೆಂದರೆ, ಪಿಸುಗುಟ್ಟಿದವರು ಮುಂದಿನ ಕಛೇರಿಗೆ ಬರುತ್ತಲೇ ಇರಲಿಲ್ಲ.

ಇಂಥ ಮನೆಗೆ ಒಂದು ದಿನ ಹುನಗುಂದದ ಖಾದರಬಾಷಾ ಬಂದರು. ಹುನಗುಂದದಲ್ಲಿ ಅವರದೊಂದು ಫೋಟೊ ಸ್ಟುಡಿಯೊ ಇತ್ತು. ಮುಂಬಯಿಗೆ ಹೋಗಿ ಸಿನಿಮಾ ಕ್ಯಾಮೆರಾ ಕಲಿತು, ಅಲ್ಲಿ ಮನಸ್ಸು ನಿಲ್ಲದೆ ಊರಿಗೆ ಮರಳಿ, ನಮ್ಮ ಸೀಮೆಯ ಕಲ್ಲು, ನೀರು, ನೇಯ್ಗೆಗಳ ಮೇಲೆ ಸಣ್ಣ ಸಣ್ಣ ಸಾಕ್ಷ್ಯಚಿತ್ರ ಮಾಡುವ ಹುಚ್ಚು ಹಚ್ಚಿಕೊಂಡಿದ್ದರು. ಆಗ ಪ್ರೇಮಾಬಾಯಿ ಬಾಗಲಕೋಟೆಯ ಹೆಣ್ಣುಮಕ್ಕಳ ಸಾಲೆಯಲ್ಲಿ ಸಂಗೀತದ ಟೀಚರಾಗಿ ಹೊಸದಾಗಿ ಸೇರಿದ್ದರು. ಸಾಲೆಯ ಕಾರ್ಯಕ್ರಮದಲ್ಲಿ ಅವರ ಹಾಡು ಕೇಳಿದ ಖಾದರಬಾಷಾ, ನನ್ನ ಚಿತ್ರಕ್ಕೆ ಸಂಗೀತ ನೀವೇ ಮಾಡಬೇಕು ಎಂದು ಗಂಟುಬಿದ್ದಿದ್ದರು.

ಪಂಢರೀನಾಥರು ಪೂರ್ತಿ ಕೇಳಿಕೊಂಡರು. ಚಿತ್ರ ಓಡುವಾಗ ಒಬ್ಬರು ವಿವರಣೆ ಹೇಳುತ್ತಿರುತ್ತಾರೆ, ಅದರ ಹಿಂದೆ ಸಂಗೀತ ಇರುತ್ತದೆ ಎಂದು ತಿಳಿದ ಮೇಲೆ ಮಗಳ ಕಡೆ ತಿರುಗಿದರು.

"ಅಂದ್ರ ನೀ ಹಾಡ್ತಿ, ಮ್ಯಾಲೊಬ್ಬಾಂವ ಮಾತಾಡ್ತಾನ. ಅದು ಹಾಡಲ್ಲ ಪ್ರೇಮಾ, ಮಾತಿನ ಕೆಳಗ ಹಾಸೂ ಚಾಪಿ. ಎದುರಿಗೆ ಕೂತು ಕೇಳವ್ರಿಲ್ಲಂದ್ರ ಅದು ಹಾಡ ಹೆಂಗಾಗ್ತದ?"

ಮಗಳು ತಂದೆಯ ಮಗಳೇ. ಪಟ್ಟು ಬಿಡಲಿಲ್ಲ. ಎಂಟು ದಿನ ಮನೆಯಲ್ಲಿ ಶ್ರುತಿಯ ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ. ಕಡೆಗೆ ಪಂಢರೀನಾಥರು ಸೋತರು, ಆದರೆ ಸೋತವರ ಹಾಗೆ ಸೋಲಲಿಲ್ಲ.

"ಹೋಗು. ಆದ್ರ ಹೆಸರ ಹಾಕಸಬ್ಯಾಡ. ಚಾಪಿ ಮ್ಯಾಲೆ ಯಾರೂ ಹೆಸರ ಬರಿಯೂದಿಲ್ಲ."

ಖಾದರಬಾಷಾ ಕೊಟ್ಟ ಮಾತಿಗೆ ತಪ್ಪದ ಮನುಷ್ಯ. ಪ್ರೇಮಾಬಾಯಿ ಸಂಗೀತ ಕೊಟ್ಟ ಮೂರೂ ಚಿತ್ರಗಳಲ್ಲಿ ಕ್ಯಾಮೆರಾ ಹೊತ್ತವರ ಹೆಸರಿತ್ತು, ಚಹಾ ತಂದವರ ಹೆಸರೂ ಇತ್ತು, ಅವರ ಹೆಸರು ಮಾತ್ರ ಇರಲಿಲ್ಲ.

ಮೊದಲನೆಯದು ಐಹೊಳೆಯ ಗುಡಿಗಳ ಚಿತ್ರ. ಅದರಲ್ಲಿ ಪ್ರೇಮಾಬಾಯಿ ಮಾಡಿದ ತಪ್ಪನ್ನು ಘರಾಣೆಯಲ್ಲಿ ಬೆಳೆದವರು ಮಾತ್ರ ಮಾಡಬಲ್ಲರು. ಪರದೆಯ ಮೇಲೆ ಗುಡಿ ಕಾಣುತ್ತಲೇ ನಿಧಾನವಾಗಿ ಆಲಾಪ ಎತ್ತಿದರು. ತಂದೆ ಕಲಿಸಿದಂತೆ ಒಂದೊಂದೇ ಸ್ವರವನ್ನು ಕೈಹಿಡಿದು ಕರೆತಂದು ಕೂರಿಸುತ್ತ, ಗಂಧಾರವನ್ನು ಇನ್ನೇನು ಮುಟ್ಟಬೇಕು ಎನ್ನುವಾಗ ಖಾದರಬಾಷಾ ಕೈ ಎತ್ತಿದರು. "ಬಾಯಾರ, ಗುಡಿ ಮುಗದ ಹೋತ್ರಿ. ಮುಂದಿನ ಗುಡೀನೂ ಮುಗದ ಹೋತು. ನಿಮ್ಮ ಸಾ ಇನ್ನೂ ಮುಗೀವಲ್ದು!" ಕಛೇರಿಯಲ್ಲಿ ಕಾಲ ಹಾಡುವವರ ಕೈಯಲ್ಲಿರುತ್ತದೆ. ಚಿತ್ರದಲ್ಲಿ ಅದು ಚಿತ್ರದ ಕೈಯಲ್ಲಿ. ಪ್ರೇಮಾಬಾಯಿ ಮುಖ ಊದಿಸಿಕೊಂಡು ಬಸ್ಸು ಹತ್ತಿದರು, ಆದರೆ ಬಾಗಲಕೋಟೆ ಮುಟ್ಟುವುದರೊಳಗೆ ಅವರಿಗೆ ಅದರ ರುಚಿ ಹತ್ತಿತ್ತು. ರಾಗದ ಪೂರ್ತಿ ಮುಖವನ್ನು ನಾಲ್ಕೇ ಸ್ವರದಲ್ಲಿ ತೋರಿಸುವುದು ಸಣ್ಣ ವಿದ್ಯೆಯಲ್ಲ ಎಂದು ಅರ್ಥವಾಗಿತ್ತು.

ಎರಡನೆಯದು ಇಳಕಲ್ಲಿನ ನೇಯ್ಗೆಯ ಚಿತ್ರ. ಸ್ಟುಡಿಯೊದಲ್ಲಿ ಮುದ್ರಿಸುವ ಬದಲು ನೇಕಾರರ ಓಣಿಯಲ್ಲೇ, ಮಗ್ಗದ ಪಕ್ಕದಲ್ಲೇ ಕುಳಿತು ಹಾಡುವುದೆಂದು ಪ್ರೇಮಾಬಾಯಿ ಹಟ ಹಿಡಿದರು. ಸಾರಂಗ ಮಧ್ಯಾಹ್ನದ ರಾಗ, ಆದ್ದರಿಂದ ಮಧ್ಯಾಹ್ನವೇ ಆಗಬೇಕು ಎಂಬುದು ಇನ್ನೊಂದು ಹಟ. ಎಲ್ಲ ಕೂಡಿಬಂತು, ತಬಲಾದವನು ಮಾತ್ರ ಬಸ್ಸು ತಪ್ಪಿಸಿಕೊಂಡ. ಖಾದರಬಾಷಾ ತಲೆಯ ಮೇಲೆ ಕೈಹೊತ್ತು ಕುಳಿತರು. ಪ್ರೇಮಾಬಾಯಿ ಮಗ್ಗದ ಕಡೆ ನೋಡಿದರು. ಅಲ್ಲಿ ಓಣಿಗೆ ಹೊಸದಾಗಿ ಸೊಸೆಯಾಗಿ ಬಂದ ಒಬ್ಬ ಹುಡುಗಿ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ಲಾಳಿ ಅತ್ತಿಂದಿತ್ತ ಓಡುತ್ತಿತ್ತು, ಪ್ರತಿ ಸಲವೂ ಎಳೆಯನ್ನು ಒತ್ತಿ ಕೂರಿಸುವ ಹಣಿಗೆ ಲಟಕ್ ಎಂದು ಬೀಳುತ್ತಿತ್ತು. "ತಬಲಾ ಯಾಕ? ತಾಳ ಇಲ್ಲೇ ಅದ," ಎಂದು ಪ್ರೇಮಾಬಾಯಿ ಅವಳ ಎದುರಿಗೇ ಕುಳಿತುಬಿಟ್ಟರು.

ಹಾಡಿಗೆ ಆಗ ಮಾತಿರಲಿಲ್ಲ, ಬರೀ ಆಕಾರ, 'ಆ' ಎನ್ನುವ ದನಿಯಷ್ಟೇ. ಟೇಪು ತಿರುಗುತ್ತಿತ್ತು. ಎರಡು ಸುತ್ತು ಚಂದವಾಗಿ ಬಂತು. ಮೂರನೆಯ ಸುತ್ತಿನಲ್ಲಿ ಪ್ರೇಮಾಬಾಯಿ ಮೇಲೇರಿ ನಿಷಾದ ಮುಟ್ಟಿದಾಗ ಮಗ್ಗದಲ್ಲಿ ಎಳೆ ಹರಿಯಿತು. ತಾಳ ನಿಂತುಹೋಯಿತು. ಹುಡುಗಿಯ ಮುಖ ಬಿಳಿಚಿತು. ಇಷ್ಟು ಮಂದಿಯ ಮುಂದೆ, ಯಂತ್ರದ ಮುಂದೆ, ಹೊಸ ಸೊಸೆ. ಪ್ರೇಮಾಬಾಯಿ ಹಾಡು ನಿಲ್ಲಿಸಬಹುದಿತ್ತು. ಮಾತಿನ ಮಧ್ಯೆ ಹಾಡು ನಿಲ್ಲಿಸಿ ಕಾಯುವುದನ್ನು ತಂದೆಯಿಂದ ಚೆನ್ನಾಗಿ ಕಲಿತಿದ್ದರು. ಆದರೆ ಅವರು ನಿಲ್ಲಿಸಲಿಲ್ಲ. ಷಡ್ಜಕ್ಕೂ ಹೋಗಲಿಲ್ಲ. ನಿಷಾದದ ಮೇಲೇ ದನಿಯನ್ನು ಹಿಡಿದುಕೊಂಡು ಹುಡುಗಿಯ ಮುಖ ನೋಡುತ್ತ ಕಾದರು. ಅವಳು ಎಳೆ ಹುಡುಕಿದಳು, ಗಂಟು ಹಾಕಿದಳು, ಲಾಳಿ ಒಗೆದಳು. ಲಟಕ್. ಆಗ ಪ್ರೇಮಾಬಾಯಿ ಷಡ್ಜಕ್ಕೆ ಬಂದರು.

ಖಾದರಬಾಷಾ ಇನ್ನೊಮ್ಮೆ ಮುದ್ರಿಸಲೇ ಇಲ್ಲ. "ಇದ ಇರಲಿ," ಎಂದರು, ಕಣ್ಣೊರೆಸಿಕೊಂಡು. ಹುಡುಗಿಯ ಹೆಸರನ್ನು ಪ್ರೇಮಾಬಾಯಿ ಕೇಳಲಿಲ್ಲ, ಅವಳೂ ಇವರದನ್ನು ಕೇಳಲಿಲ್ಲ. ಚಿತ್ರ ಮುಗಿದ ಮೇಲೆ ಖಾದರಬಾಷಾ ಅದನ್ನು ಇಳಕಲ್ಲಿನ ಓಣಿ ಓಣಿಗಳಲ್ಲಿ ಗೋಡೆಗೆ ಬಿಳಿ ಧೋತರ ಕಟ್ಟಿ ತೋರಿಸಿದರಂತೆ. ತಮ್ಮ ಮಗ್ಗ, ತಮ್ಮ ಮುಖಗಳನ್ನು ನೋಡಲು ಮಂದಿ ಮತ್ತೆ ಮತ್ತೆ ಹಾಕಿಸಿಕೊಂಡರಂತೆ. ಪ್ರೇಮಾಬಾಯಿಗೆ ಸಾಲೆಯ ಪರೀಕ್ಷೆಯ ಗಡಿಬಿಡಿ, ಹೋಗಲಾಗಲಿಲ್ಲ. ಮೂರನೆಯದು ಅಣೆಕಟ್ಟಿನ ಮುಳುಗಡೆಗೆ ಮುಂಚಿನ ಹಳೇ ಬಾಗಲಕೋಟೆಯ ಚಿತ್ರ. ಅಷ್ಟರಲ್ಲಿ ಎಲ್ಲೆಲ್ಲೂ ವಿಡಿಯೊ ಬಂತು, ಖಾದರಬಾಷಾ ಮದುವೆಗಳ ಫೋಟೊಕ್ಕೆ ಮರಳಿದರು. ಪ್ರೇಮಾಬಾಯಿ ಮೂವತ್ತು ವರ್ಷ ಸಾಲೆಯ ಮಕ್ಕಳಿಗೆ ಸರಿಗಮ ಹೇಳಿಕೊಟ್ಟರು. ತಂದೆ ತೀರಿಕೊಂಡರು. ಆ ಮೂರು ಚಿತ್ರಗಳ ಮಾತನ್ನು ತಂದೆಯೂ ಎತ್ತಲಿಲ್ಲ, ಮಗಳೂ ಎತ್ತಲಿಲ್ಲ.

ಈಗ ಅದೇ ಹಾಡು ಅಮಿತಾಳ ಫೋನಿನಲ್ಲಿ ಮಾತು ತೊಟ್ಟುಕೊಂಡು ಬಂದಿತ್ತು. ನಾಡಿದ್ದು ಅದು ಮುದ್ರಣವಾಗಿ, 'ಸಾಂಪ್ರದಾಯಿಕ' ಎಂಬ ಮುದ್ರೆ ಬಿದ್ದರೆ ಮುಗಿಯಿತು. ಪ್ರೇಮಾಬಾಯಿ ತಮ್ಮ ಬದುಕಿನಲ್ಲಿ ಹೊಸದಾಗಿ ಕಟ್ಟಿದ್ದರಲ್ಲಿ ಇದೊಂದೇ ಉಳಿದದ್ದು. ಅದು ಹೆಸರಿಲ್ಲದೆ ಹೋಗುತ್ತದೆ, ಹೋಗುವಾಗ ಆ ಕಾಯುವಿಕೆಯನ್ನೂ ಕಳೆದುಕೊಂಡು ಹೋಗುತ್ತದೆ. ಬಾಯಿಬಿಟ್ಟು ಹೇಳಿದರೆ ಅಮಿತಾ ಖಂಡಿತ ಹೂಂ ಎನ್ನುತ್ತಿದ್ದಳು. ಅದೇ ಬೇಡವಾಗಿತ್ತು. ಗುರುಗಳ ಮನಸ್ಸು ನೋಯದಿರಲಿ ಎಂದು ಶಿಷ್ಯೆ ಕೊಡುವ ಹೂಂ ಯಾರಿಗೆ ಬೇಕು?

"ನಾಡದು ನಾನೂ ಬರ್ತೇನಿ ಇಳಕಲ್ಲಿಗೆ," ಎಂದರು ತಂಬೂರಿಯ ಹಿಂದಿನಿಂದ.

ಅಮಿತಾ ಕುಣಿದಾಡಿದಳು. "ಬರ್ರಿ ಬಾಯಾರ! ನೀವ ಬಂದ್ರ ನನಗ ಧೈರ್ಯ."

ಹೋಗುವ ದಾರಿಯಲ್ಲಿ ಹುನಗುಂದದಲ್ಲಿ ಕಾರು ನಿಲ್ಲಿಸಿ ಎಂದರು. ಖಾದರಬಾಷಾ ತೀರಿಕೊಂಡು ವರ್ಷಗಳಾಗಿದ್ದವು, ಆದರೆ ಸ್ಟುಡಿಯೊ ಇತ್ತು. ಮಗಳು ನರ್ಗೀಸ ನಡೆಸುತ್ತಿದ್ದಳು. ಹೆಸರು ಹೇಳುತ್ತಲೇ ಎದ್ದು ಬಂದು ಕೈಹಿಡಿದುಕೊಂಡಳು. "ಅಬ್ಬಾ ನಿಮ್ಮ ಮಾತ ಭಾಳ ಹೇಳ್ತಿದ್ರು. ಹೆಸರ ಮಾತ್ರ ಬಾಯಿ ಬಿಡ್ತಿರಲಿಲ್ಲ. ಬಾದಾಮಿ ಬಾಯಾರು ಅನ್ನೂದೊಂದ."

"ರೀಲು ಅದಾವೇನವಾ?"

ನರ್ಗೀಸ ಒಳಗಿನಿಂದ ಒಂದು ತಗಡಿನ ಡಬ್ಬಿ ತಂದಳು. ಮುಚ್ಚಳ ತೆಗೆದರೆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ರೀಲು ಪೂರ್ತಿ ಅಂಟಿಕೊಂಡು ಗಟ್ಟಿಯಾಗಿತ್ತು. ಎಳೆದರೆ ಪುಡಿಯಾಗಿ ಉದುರಿತು. ಟೇಪುಗಳು ಮನೆ ಬದಲಿಸುವಾಗಲೇ ಹೋಗಿದ್ದವು. ನರ್ಗೀಸಳ ಕಣ್ಣಲ್ಲಿ ನೀರು ಬಂತು, ಪ್ರೇಮಾಬಾಯಿಯೇ ಅವಳನ್ನು ಸಮಾಧಾನ ಮಾಡಬೇಕಾಯಿತು. ಹೊರಗೆ ಕಾರಿನಲ್ಲಿ ಕುಳಿತಿದ್ದ ಅಮಿತಾ ಯಾರನ್ನು ನೋಡಲು ಹೋಗಿದ್ದಿರಿ ಎಂದು ಕೇಳಿದಾಗ "ಹಳೇ ಗುರ್ತಿನವ್ರು," ಎಂದಷ್ಟೇ ಹೇಳಿದರು. ಇಳಕಲ್ಲು ಬರುವವರೆಗೂ ತಂದೆಯ ಮಾತೇ ನಿಜವಾಯಿತೇನೋ ಎನ್ನುವುದೊಂದೇ ತಲೆಯಲ್ಲಿತ್ತು. ಚಾಪೆ ಹರಿದುಹೋದರೆ ಯಾರು ಹುಡುಕುತ್ತಾರೆ?

ಇಳಕಲ್ಲಿನಲ್ಲಿ ಭಾಗ್ಯಾಳ ಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಭಾಗ್ಯಾ ಆ ಓಣಿಯ ಮುಂದಾಳು, ಮಗ್ಗದಲ್ಲೂ ಮಾತಿನಲ್ಲೂ. ಅವಳು ನೇಯಲು ಕುಳಿತಳು. ಸುತ್ತ ನಾಲ್ಕು ಜನ ಹೆಂಗಸರು ಹಾಡಲು ಕುಳಿತರು. ಬಾಗಿಲ ಹತ್ತಿರ ಬೆಳಕಿಗೆ ಮುಖ ಮಾಡಿ ಒಬ್ಬ ವಯಸ್ಸಾದ ಮುಸಲ್ಮಾನ ಹೆಂಗಸು ಬೆರಳಿನಿಂದಲೇ ಎಳೆ ಗುರುತಿಸುತ್ತ ಕೊಂಡಿ ಕೂಡಿಸುತ್ತಿದ್ದಳು. ಇಳಕಲ್ ಸೀರೆಯ ಒಡಲು ಬೇರೆ ನೂಲು, ಸೆರಗು ಬೇರೆ ನೂಲು. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ಹಾಕಿ ಎಳೆ ಎಳೆಯಾಗಿ ಕೂಡಿಸಬೇಕು. ಅದೇ ಕೊಂಡಿ. ಆಕೆ ತಲೆ ಎತ್ತಲಿಲ್ಲ, ಬಂದವರನ್ನು ಮಾತಾಡಿಸಲಿಲ್ಲ.

ಅಮಿತಾ ಮೈಕು ಇಟ್ಟು, ಹೆಡ್‌ಫೋನು ಹಾಕಿಕೊಂಡು ವಿವರಿಸಿದಳು. "'ತಡಿ' ಅಂತ ಬರ್ತದಲ್ಲ, ಅಲ್ಲಿ ನಿಲ್ಲಬ್ಯಾಡ್ರಿ. ಸೀದಾ 'ನನ ತಂಗಿ'ಗೆ ಹೋಗ್ರಿ."

ಹೆಂಗಸರು ಮುಖ ಮುಖ ನೋಡಿಕೊಂಡರು. ಹಾಡಿದರು. 'ತಡಿ' ಬರುತ್ತಲೇ ಎಲ್ಲರೂ ನಿಂತರು. ಮತ್ತೊಮ್ಮೆ ಹಾಡಿದರು. ಈ ಸಲ ಇಬ್ಬರು ಮುಂದೆ ಹೋದರು, ಇಬ್ಬರು ನಿಂತರು, ಒಬ್ಬಳಿಗೆ ನಗು ಬಂತು. ಮತ್ತೊಮ್ಮೆ ಹಾಡಿದಾಗ ಬಾಯಿಗಳು ಮುಂದೆ ಹೋದವು, ಭಾಗ್ಯಾಳ ಮಗ್ಗವೇ ನಿಂತುಬಿಟ್ಟಿತು.

"ಕಾಲು ಕೇಳವಲ್ದರಿ ಅಕ್ಕಾರ," ಎಂದಳು ಭಾಗ್ಯಾ, ನಾಚಿಕೊಂಡು. "ಅಲ್ಲಿ ಬಂತಂದ್ರ ತಾನ ನಿಲ್ಲತೈತಿ."

"ಯಾಕ ನಿಲ್ಲತೀರಿ ಅಲ್ಲಿ?"

"ಎಳಿ ಹರಿತೈತಲ್ರಿ ಅಲ್ಲಿ."

"ಎಲ್ಲಿ ಹರಿತು? ಹರದಿಲ್ಲಲ್ಲ?"

"ಈಗ ಹರದಿಲ್ರಿ. ಹಾಡಿನಾಗ ಹರದೈತಿ. ಗಂಟ ಹಾಕೂತನಕಾ ನಿಲ್ಲಬೇಕ. ಮೊದಲಿಂದ ಹಂಗ ಐತಿ."

ಮೂಲೆಯಲ್ಲಿ ಕುಳಿತಿದ್ದ ಪ್ರೇಮಾಬಾಯಿಗೆ ಇನ್ನು ತಡೆಯಲಾಗಲಿಲ್ಲ. ಹೇಳಬೇಕೆಂದಲ್ಲ, ಸಾಬೀತು ಮಾಡಬೇಕೆಂದೂ ಅಲ್ಲ. ನಲವತ್ತು ವರ್ಷ ಈ ಓಣಿಯ ಹೆಂಗಸರು ತಮ್ಮ ಎಳೆಗೆ ಕಾದಿದ್ದಾರೆ ಎನ್ನುವುದನ್ನು ಕೇಳಿ ಎದೆ ತುಂಬಿ ಬಂದಿತ್ತು. ಅಮಿತಾಳ ಕಡೆ ನೋಡದೆ, "ನಡಸವಾ ಮಗ್ಗ," ಎಂದರು. ಭಾಗ್ಯಾ ಲಾಳಿ ಒಗೆದಳು. ಪ್ರೇಮಾಬಾಯಿ ಮಾತಿಲ್ಲದೆ, ಅಂದಿನಂತೆ ಬರೀ ಆಕಾರದಲ್ಲಿ ಹಾಡಿದರು. ದನಿ ಒಂದೆರಡು ಕಡೆ ಒಡೆಯಿತು. ಮೇಲೇರಿ ನಿಷಾದ ಮುಟ್ಟಿದರು, ನಿಂತರು. ಮಗ್ಗ ನಿಂತಿತು. ಕಾದರು.

ಬಾಗಿಲ ಹತ್ತಿರದ ಹೆಂಗಸಿನ ಕೈಗಳು ಕೊಂಡಿಯ ಮೇಲೆ ನಿಂತುಬಿಟ್ಟವು. ಆಕೆ ನಿಧಾನವಾಗಿ ಈ ಕಡೆ ತಿರುಗಿದಳು. ಎದ್ದು ಬಂದು ಪ್ರೇಮಾಬಾಯಿಯ ಮುಖದ ಹತ್ತಿರ ಮುಖ ತಂದು ನೋಡಿದಳು, ಕಣ್ಣುಗಳು ಅಷ್ಟು ಮಂಜಾಗಿದ್ದವು.

"ದನಿ ಮುಪ್ಪಾಗೈತಿ," ಎಂದಳು. "ತಡಿಯೂದು ಹಂಗ ಐತಿ."

"ಯಾರ ಇವ್ರು, ದಸ್ತಗೀರಬಿ ಅಮ್ಮಾ?" ಎಂದಳು ಭಾಗ್ಯಾ.

ದಸ್ತಗೀರಬಿ ಅಲ್ಲೇ ಪ್ರೇಮಾಬಾಯಿಯ ಪಕ್ಕ ಕುಸಿದು ಕುಳಿತು ಎಲ್ಲರಿಗೂ ಕೇಳುವಂತೆ ಹೇಳಿದಳು. "ಯಾರಂತ ಏನ ಕೇಳ್ತಿ? ನೀವೆಲ್ಲಾ ಹಾಡಿನಾಗ ಹರಿತೈತಿ ಅಂತೀರಲ್ಲಾ, ಆ ಎಳಿ ನಂದು. ತಡದಾಕಿ ಈಕಿ."

ಓಣಿಯವರಿಗೆ ಇದು ಹೊಸದು. ಅಮಿತಾಳಿಗಂತೂ ಹೆಡ್‌ಫೋನು ಕಿವಿಯಿಂದ ಜಾರಿದ್ದೂ ಗೊತ್ತಾಗಲಿಲ್ಲ. ದಸ್ತಗೀರಬಿ ಪ್ರೇಮಾಬಾಯಿಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸವರುತ್ತ ಹೇಳುತ್ತಿದ್ದಳು. "ಹೊಸ ಮದಿಮಗಳ ನಾ. ಎಳಿ ಹರೀತು, ಜೀವಾ ಹೋದಂಗಾತು. ಅತ್ತಿ ಕೊಲ್ಲತಾಳ, ಖಾದರಬಾಷಾ ಬೈತಾರ ಅಂದಕೊಂಡೆ. ಈ ಬಾಯಾರು ನನ್ನ ಮಾರಿ ನೋಡಕೋತ ದನಿ ಹಿಡದ್ರು ನೋಡ. ಬಿಡಲೇ ಇಲ್ಲ. ಆ ದನೀ ಹಿಡಕೊಂಡ ನಾ ಗಂಟ ಹಾಕಿದೆ. ಮುಂದ ಗ್ವಾಡಿ ಮ್ಯಾಲೆ ಸಿನಿಮಾ ಬಿಟ್ಟಾಗೊಮ್ಮೆ ಹೋಗಿ ಹೋಗಿ ಕಲತೆ. ಮಾತ ನಾವ ನಾವ ಹಾಕಿದ್ವಿ. ಮಗ್ಗಕ್ಕ ಕೂತ ಹುಡಿಗ್ಯಾರಿಗೆಲ್ಲಾ ಇದನ್ನ ಕಲಿಸೇನಿ. ಎಳಿ ಹರದ್ರ ಅಳಬ್ಯಾಡ್ರೆ, ದನಿ ಹಿಡದು ತಡೀರಿ ಅಂತ."

ಪ್ರೇಮಾಬಾಯಿ ಒಂದೇ ಒಂದು ಪ್ರಶ್ನೆ ಕೇಳಿದರು. "ಆ ಸಿನಿಮಾದಾಗ ನನ್ನ ಹಾಡಿನ ಮ್ಯಾಲೆ ಒಬ್ಬಾಂವ ಮಾತಾಡ್ತಿದ್ದ. ಏನ ಹೇಳ್ತಿದ್ದ, ನೆನಪ ಅದ ಏನು?"

ದಸ್ತಗೀರಬಿ ಯೋಚಿಸಿದಳು. "ಮಾತಾಡ್ತಿದ್ದನೇನ? ಯಾರಿಗ ಗೊತ್ತರಿ. ಅದನ್ನ ಯಾರ ಕೇಳ್ಯಾರ?"

ಪ್ರೇಮಾಬಾಯಿ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಏನೆಂದು ಗೊತ್ತಿಲ್ಲದೆ ಹೆಂಗಸರೂ ನಕ್ಕರು. "ಹಂಗಾರ ನಾವು ಅಜ್ಜಿ ಹಾಡು ಅನ್ನೂದು ಸುಳ್ಳಾತಲ್ರಿ," ಎಂದು ಒಬ್ಬಳು ಬೇಜಾರು ಮಾಡಿಕೊಂಡರೆ, ಭಾಗ್ಯಾ ಅವಳ ಬಾಯಿ ಮುಚ್ಚಿಸಿದಳು. "ಯಾಕ ಸುಳ್ಳಾಗತೈತಿ? ಅಜ್ಜಿ ಇಲ್ಲೇ ಕುಂತಾಳಲ್ಲ!"

ಅಮಿತಾ ಮೆಲ್ಲಗೆ ಹತ್ತಿರ ಬಂದು ಗುರುಗಳ ಕಾಲ ಬಳಿ ಕುಳಿತಳು. "ಮೊದಲ ಯಾಕ ಹೇಳಲಿಲ್ರಿ ಬಾಯಾರ?"

"ನೀ ಕೇಳಿದ್ದ್ಯೇನ? ಬಂದಾಕೀನ ಸರಿ ಮಾಡೇನಿ ಅಂದಿ."

ಅಮಿತಾ ನಾಲಿಗೆ ಕಚ್ಚಿಕೊಂಡಳು. ತಾನು ಕತ್ತರಿಸಿದ್ದನ್ನು ಅಲ್ಲೇ ಫೋನಿನಿಂದ ಅಳಿಸಿಹಾಕಿ, ಹೆದರುತ್ತಲೇ ಕೇಳಿದಳು. "ಟೈಟಲ್‌ನಾಗ ಏನಂತ ಬರೀಲ್ರಿ?"

ಇಂಥ ಹೊತ್ತಿನಲ್ಲಿ ದೊಡ್ಡ ಮನಸ್ಸು ಮಾಡಿ, ಹೆಸರೇನು ಬಿಡವಾ, ಹಾಡು ಜನರದು ಎನ್ನುವವರು ಇದ್ದಾರೆ. ಪ್ರೇಮಾಬಾಯಿ ಅವರ ಪೈಕಿ ಅಲ್ಲ, ಮತ್ತು ಅವರು ಹಾಗಿಲ್ಲದ್ದೇ ನನಗೆ ಇಷ್ಟ.

"ನನ್ನ ಹೆಸರ ಬರಿ," ಎಂದರು. "ಎದ್ದ ಕಾಣೂವಂಗ ಬರಿ. ಸಂಗೀತ, ಪ್ರೇಮಾಬಾಯಿ ಪಂಢರೀನಾಥ, ಬಾದಾಮಿ. ಅದರ ಕೆಳಗ, ತಾಳ, ದಸ್ತಗೀರಬಿ, ಇಳಕಲ್ಲು. ಹಾಡಿದವ್ರ ಎಲ್ಲಾರ ಹೆಸರೂ ಬರಿ. ಮತ್ತ ನಿಮ್ಮ ಚಿತ್ರದಾಗೂ ಮಾತಾಡಾಂವ ಒಬ್ಬ ಇರ್ತಾನಲ್ಲ, ಆ ನಿಲ್ಲೂ ಜಾಗಾದಾಗ ಅವನ ಬಾಯಿ ಮುಚ್ಚಸು."

ಅಂದು ಮಧ್ಯಾಹ್ನವೇ ಮುದ್ರಣವಾಯಿತು. ಭಾಗ್ಯಾ ಎದ್ದು ಮಗ್ಗವನ್ನು ದಸ್ತಗೀರಬಿಗೆ ಬಿಟ್ಟುಕೊಟ್ಟಳು. ಕಣ್ಣು ಮಂಜಾದರೇನು, ಕೈಕಾಲಿಗೆ ಗೊತ್ತಿತ್ತು. ಹಾಡುವ ಹೆಂಗಸರ ಜೊತೆ ಪ್ರೇಮಾಬಾಯಿ ಎದುರಿಗೆ ಕುಳಿತರು. ನಿಲ್ಲುವ ಜಾಗದಲ್ಲಿ ಎಳೆ ಹರಿದಿರಲಿಲ್ಲ, ಆದರೂ ದಸ್ತಗೀರಬಿ ಗಂಟು ಹಾಕುವಷ್ಟು ಹೊತ್ತು ಕೈ ಆಡಿಸಿದಳು. ಪ್ರೇಮಾಬಾಯಿ ಅವಳ ಮುಖವನ್ನೇ ನೋಡುತ್ತ ಕಾದರು.

ಬೇಸಿಗೆಯಲ್ಲಿ ಚಿತ್ರ ತಯಾರಾಗಿ ಬಂತು. ಇಳಕಲ್ಲಿನ ಒಂದು ಸಭಾಭವನದಲ್ಲಿ ತೋರಿಸಿದರು. ಓಣಿಗೆ ಓಣಿಯೇ ಬಂದಿತ್ತು. ವಿವರಣೆ ಹೇಳುವವನು ಕೆಂಪು ಸೆರಗಿನ ಬಗ್ಗೆ ಏನೇನೋ ಹೇಳುತ್ತಿದ್ದವನು ಆ ಜಾಗ ಬರುತ್ತಲೇ ಸುಮ್ಮನಾದ. ಮಗ್ಗ ನಿಂತಿತು. ಭವನದ ತುಂಬ ನಿಷಾದವೊಂದೇ ಉಳಿಯಿತು. ಲಟಕ್ ಎನ್ನುತ್ತಲೇ ಕುಳಿತ ಹೆಂಗಸರೆಲ್ಲ "ನನ ತಂಗಿ" ಎಂದು ಒಂದೇ ದನಿಯಲ್ಲಿ ಷಡ್ಜಕ್ಕೆ ಸೇರಿಕೊಂಡರು. ಯಾರೂ ಹೇಳಿಕೊಟ್ಟಿರಲಿಲ್ಲ.

ಕೊನೆಗೆ ಹೆಸರುಗಳು ಬಂದಾಗ ದಸ್ತಗೀರಬಿ ಪಕ್ಕದಲ್ಲಿದ್ದ ಪ್ರೇಮಾಬಾಯಿಯನ್ನು ಮೊಣಕೈಯಿಂದ ತಿವಿದಳು. "ನನ್ನ ಹೆಸರ ಬಂತೇನ್ರಿ?"

"ಬಂತು."

"ನಿಮ್ಮದು?"

"ನಿನ್ನ ಹೆಸರಿನ ಮ್ಯಾಲೇ ಅದ."

"ಇರಲಿ," ಎಂದಳು ದಸ್ತಗೀರಬಿ, ಸಮಾಧಾನದಿಂದ.

ಮರುದಿನ ಮಧ್ಯಾಹ್ನ ನವನಗರದ ಮನೆಯಲ್ಲಿ ತಂಬೂರಿಯ ಗವಸಣಿಗೆ ಬಿಚ್ಚುವ ಸದ್ದಾಯಿತು. ಶಿರೀಷ ಪೇಪರ್ ಮಡಚಿಟ್ಟು, ಬಿಸಿಲೆಂದೂ ನೋಡದೆ, ಬಾಗಿಲಿಗೆ ಹೋಗಿ ಚಪ್ಪಲಿಯಲ್ಲಿ ಕಾಲು ತೂರಿಸಿದರು.

"ಎಲ್ಲಿಗೆ ಹೊಂಟ್ರಿ ಈ ಬಿಸಲಾಗ?" ಎಂದರು ಪ್ರೇಮಾಬಾಯಿ. "ಇವತ್ತ ಸಿಟ್ಟಿಲ್ಲ. ಬಂದ ಕೂಡ್ರಿ."

ಶಿರೀಷ ನಂಬದೆ ನಂಬಿ ಬಂದು ಕುಳಿತರು. ಪ್ರೇಮಾಬಾಯಿ ಶ್ರುತಿ ಮಾಡಿಕೊಂಡರು. ಆಮೇಲೆ ಎದ್ದು ಗೋಡೆಯ ಮೇಲಿದ್ದ ತಂದೆಯ ಫೋಟೊವನ್ನು ಕೆಳಗಿಳಿಸಿದರು. ಸೆರಗಿನಿಂದ ಗಾಜು ಒರೆಸಿ, ಅದನ್ನು ಗಂಡನ ಪಕ್ಕದ ಕುರ್ಚಿಯಲ್ಲಿ, ತಮ್ಮ ಎದುರಿಗೆ, ನೆಟ್ಟಗೆ ಕೂರಿಸಿದರು.

"ಹೆಸರ ಹಾಕಿಸೇನ್ರಿ ಅಪ್ಪಾ," ಎಂದರು. "ನಿಮ್ಮದೂ ಹಾಕಿಸೇನಿ. ಇನ್ನ ಎದುರಿಗೆ ಕೂತು ಕೇಳ್ರಿ."

ಸಾರಂಗದ ಹೊತ್ತಾಗಿತ್ತು, ಅವರು ಹಾಡಲು ಶುರುಮಾಡಿದರು.